ಚಿಲ್ಲರೆ ಇದೆಯೇ?

ಊರ ಹೆಸರಿನಲ್ಲಿ ತಾಮ್ರವಿಲ್ಲ, ನೀರಿನಲ್ಲಿದೆ.
ಕುಲುಮೆ ಆರಿ ಮೂವತ್ತು ವರ್ಷವಾದರೂ
ಹೊಳೆದಂಡೆಯ ಕಲ್ಲುಗಳು ಇನ್ನೂ
ಹಸಿರು ಕಿಲುಬು ಕಾರುತ್ತವೆ.

ನವೆಂಬರಿನ ಶನಿವಾರ. ಮೂರೂವರೆಗೇ ಕತ್ತಲು.
ಈಜುಕೊಳ ಮುಚ್ಚಿತ್ತು, ಸಿಕ್ಸ್ತೆನ್ ಮುಖ ಊದಿಸಿಕೊಂಡಿದ್ದ,
ಅದಕ್ಕೇ ಇಲ್ಲಿಗೆ ಬಂದೆವು, ನಾನು, ಮಗ, ನನ್ನ ಅಪ್ಪ.
ಹಳೆಯ ಟಂಕಸಾಲೆಯ ಲೆಕ್ಕದ ಮನೆ,
ಎರಡೇ ಕೋಣೆ, ಒಂದು ಹೀಟರು,
ಈಗ ನಾಣ್ಯಗಳ ಮ್ಯೂಸಿಯಂ.

ಬಾಗಿಲಲ್ಲೇ ಅಪ್ಪ ಕೋಟಿನೊಳಗೆ ಕೈಯಿಳಿಸಿ
ಅಮ್ಮನ ಚರ್ಮದ ಸಂಚಿ ತೆಗೆದ.
ಕೌಂಟರಿನ ಹುಡುಗಿ, ಎದೆಯ ಮೇಲೆ ಟೂವಾ ಎಂಬ ಚೀಟಿ,
ಮೆತ್ತಗೆ ತಲೆಯಾಡಿಸಿದಳು:
"ಕ್ಷಮಿಸಿ, ನಗದು ತಗೊಳ್ಳೋದಿಲ್ಲ. ಫೋನಿಂದ ಕಳಿಸಿ."
ನಾಣ್ಯದ ಮನೆಯಲ್ಲಿ ನಾಣ್ಯಕ್ಕೇ ಪ್ರವೇಶವಿಲ್ಲ!
ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.
ಹೇಗೂ ಸಂಚಿಯೊಳಗಿದ್ದವು ಹಳೆಯ ಕ್ರೋನಗಳು,
ಬದಲಾಯಿಸಿಕೊಳ್ಳಿ ಎಂದು ಬ್ಯಾಂಕು ಕೊಟ್ಟ ಗಡುವು
ಅಮ್ಮ ಆಸ್ಪತ್ರೆಯಲ್ಲಿದ್ದ ಬೇಸಿಗೆಯಲ್ಲೇ ಮುಗಿದಿತ್ತು.
ಆಗ ಯಾರಿಗೆ ನೆನಪು ಅದೆಲ್ಲ.
ಕವಡೆಯ ಕಿಮ್ಮತ್ತೂ ಇಲ್ಲದ್ದನ್ನು ಹೊತ್ತು ತಿರುಗುತ್ತಾನೆ.

ಮಗ ಗಾಜಿಗೆ ಮೂಗೊತ್ತಿ ಕೇಳಿದ:
"ಇವುಗಳಿಂದ ಆಡೋದು ಹೇಗೆ?"
ಆರು ವರ್ಷ ಅವನಿಗೆ. ಅಂಗಡಿಯಲ್ಲಿ ಯಾರೂ ಯಾರ ಕೈಗೂ
ಏನನ್ನೂ ಎಣಿಸಿ ಕೊಟ್ಟದ್ದು ಕಂಡವನಲ್ಲ.
ಮೀನಿನ ಹುರುಪೆಯಷ್ಟು ತೆಳು ಬೆಳ್ಳಿ,
ಮೂಗು ಸವೆದ ರಾಜರು,
ಚಿಲ್ಲರೆಗೆಂದು ಯಾರೋ ಕತ್ತರಿಸಿದ ಅರ್ಧ ನಾಣ್ಯ
(ಇನ್ನರ್ಧ ಯಾವ ಮಣ್ಣಲ್ಲಿದೆಯೋ).
ಕೊನೆಗೆ, ಗೋಡೆಗಾನಿಸಿ, ಅದು:
ಹತ್ತು ದಾಲರಿನ ತಾಮ್ರದ ಹಲಗೆ,
ನಾಲ್ಕು ಮೂಲೆಗೆ ನಾಲ್ಕು ಮುದ್ರೆ, ನಡುವೆ ಒಂದು.
ಸಂಬಳ ಒಯ್ಯಲು ಜಾರುಬಂಡಿ ಬೇಕಾಗುತ್ತಿದ್ದ ಕಾಲ.
ನಾನು ಮುದ್ರೆ ಓದುತ್ತಿದ್ದೆ, ಅಪ್ಪ ಅಂಚು ಓದುತ್ತಿದ್ದ.
"ಇಲ್ಲಿ ನೋಡು, ಕತ್ತರಿ ಹಿಡಿದವನ ಕೈ ಜಾರಿದೆ.
ಸಂಜೆಯ ಪಾಳಿ ಇರಬೇಕು."

ಪಕ್ಕದಲ್ಲೊಂದು ತೂಕದ ಯಂತ್ರ, ಮೇಲೆ ಫಲಕ:
ನಿನ್ನ ತೂಕ ಈ ನಾಣ್ಯಕ್ಕೆ ಸಮವೇ? ಹತ್ತಿ ನೋಡು.
ಸಿಕ್ಸ್ತೆನ್ ಹತ್ತಿದ. ಯಂತ್ರ ಕಣ್ಣು ಬಿಡಲಿಲ್ಲ.
ಟೂವಾ ಮಂಡಿಯೂರಿ ಅದನ್ನು ಬೋರಲು ಹಾಕಿದಳು.
ಬ್ಯಾಟರಿಯ ಮುಚ್ಚಳಕ್ಕೆ ಅಗಲ ಗೀರಿನ ಒಂದು ತಿರುಪು.
ಉಗುರು ಹಾಕಿದಳು, ಮುರಿಯಿತು.
ಬೀಗದ ಕೈ ದಪ್ಪವಾಯಿತು, ಬ್ಯಾಂಕಿನ ಕಾರ್ಡು ಬಾಗಿತು.
ನಾನೂರು ವರ್ಷದ ದುಡ್ಡು ಸುತ್ತಲೂ,
ಎಲ್ಲಕ್ಕೂ ಬೀಗ.
ಕಿವಿಯವರೆಗೂ ಕೆಂಪಾಗಿ ನಮ್ಮತ್ತ ತಿರುಗಿದಳು:
"ನಿಮ್ಮ ಹತ್ತಿರ... ಚಿಲ್ಲರೆ ಇದೆಯೇ?"

ಅಪ್ಪ ಅವಸರಪಡಲಿಲ್ಲ.
ಸಂಚಿಯ ಗುಂಡಿ ಬಿಚ್ಚಿ, ಬೆರಳಿಂದ ಕೆದಕಿ,
ಅಮ್ಮ ಆಲೂಗಡ್ಡೆ ಆರಿಸುತ್ತಿದ್ದ ಹಾಗೆ
ಒಂದನ್ನು ಎತ್ತಿ, ಬೇಡವೆಂದು ಬಿಟ್ಟು, ಇನ್ನೊಂದನ್ನು ಎತ್ತಿದ.
ಒಂದು ಕ್ರೋನ. ಗೀರಿಗೆ ಸರಿಯಾಗಿ ಕೂತಿತು.
ತಿರುಪು ತಿರುಗುವ ಆ ಸಣ್ಣ ಕಿರ್ರೆಂಬ ಸದ್ದಿಗೆ
ನಾವು ನಾಲ್ವರೂ ಉಸಿರು ಹಿಡಿದಿದ್ದೆವು.

ಹಲಗೆ: ಹತ್ತೊಂಬತ್ತು ಕಿಲೋ ಏಳುನೂರು.
ಸಿಕ್ಸ್ತೆನ್, ಬೂಟು ಸಮೇತ: ಹತ್ತೊಂಬತ್ತು ನಾನೂರು.
ಅವನ ಕೆಳದುಟಿ ಮುಂದೆ ಬಂತು, ನಡುಗಿತು.
ಅಪ್ಪ ಮಾತಾಡದೆ ಸಂಚಿಯನ್ನು
ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.
ಅಂಕೆಗಳು ತಡವರಿಸಿದವು,
ಆರುನೂರು, ಎಂಟುನೂರು, ಮತ್ತೆ ಇಳಿದು
ಏಳುನೂರಕ್ಕೆ ನಿಂತವು.
"ನಾನು ದುಡ್ಡು!" ಎಂದು ಕೂಗಿದ ನನ್ನ ಮಗ,
ಎರಡೂ ಕೋಣೆಗೆ ಕೇಳುವ ಹಾಗೆ.

ಹೊರಡುವಾಗ ಟೂವಾ ಕ್ರೋನ ಚಾಚಿದಳು.
"ಇರಲಿ" ಎಂದ ಅಪ್ಪ, "ಬ್ಯಾಟರಿ ಮತ್ತೆ ಹೋಗತ್ತೆ."
ಆಕೆ ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟಳು,
ಸೆಲ್ಲು, ದಾರ, ಪೆನ್ಸಿಲ್ಲುಗಳ ನಡುವೆ,
ಹೆಸರಿಲ್ಲ, ಇಸವಿಯಿಲ್ಲ, ಗಾಜಿಲ್ಲ.

ಹೊರಗೆ ಕೈ ಮರಗಟ್ಟುವ ಚಳಿ. ಕಾರಿನ ಗಾಜು ಕೆರೆಯುತ್ತ ಕೇಳಿದೆ:
"ಸಂಚಿ ಹಗುರಾಯಿತಾ ಅಪ್ಪಾ?"
ಆತ ಅದನ್ನು ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದ.
"ಏಳು ಗ್ರಾಂ" ಎಂದ.